ಕಾನಿ ಕನ್ವರ್ಸ್ ಹಾಡು ಯಾರಾದರೂ ಕೇಳಿದ್ದೀರಾ? ಮೂರು ದಿನದಿಂದ ನನಗೆ ಬೇರೆ ಏನೂ ಕೇಳೋಕಾಗ್ತಿಲ್ಲ

ಹೊಂಗೆನೆರಳು:
ಭಾನುವಾರ ರಾತ್ರಿ ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದೆ. ಮೊಬೈಲಿನಲ್ಲಿ ಹಾಡು ಹಾಕಿಟ್ಟಿದ್ದೆ. ನಾನು ಹಾಕಿದ್ದು ಮುಗಿದು ತಾನಾಗಿಯೇ ಮುಂದಿನದಕ್ಕೆ ಹೋಯಿತು. ಒಂದು ಗಿಟಾರ್, ಒಂದು ಹೆಣ್ಣು ದನಿ, ಹಿಂದೆ ಸಣ್ಣಗೆ ಸುಯ್ ಅನ್ನುವ ಟೇಪಿನ ಸದ್ದು. ಅಷ್ಟೇ. ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ ಹಾಗೇ ನಿಂತುಬಿಟ್ಟೆ.

ದನಿಯಲ್ಲಿ ಯಾವ ಆಡಂಬರವೂ ಇಲ್ಲ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಮಾತಾಡಿದ ಹಾಗೆ ಹಾಡುತ್ತಾರೆ. ಹಾಡಿನ ಹೆಸರು 'ಟಾಕಿನ್ ಲೈಕ್ ಯೂ'. ಎರಡು ಎತ್ತರದ ಬೆಟ್ಟಗಳ ನಡುವೆ ಒಂದು ಜಾಗ ಇದೆಯಂತೆ, ಅದನ್ನು ಜನ ಒಂಟಿ ಜಾಗ ಅಂತಾರಂತೆ. ಯಾಕೆ ಹಾಗಂತಾರೋ, ನಾನಂತೂ ಅಲ್ಲಿ ಒಂಟಿ ಅಲ್ಲವೇ ಅಲ್ಲ ಅನ್ನುತ್ತಾಳೆ. ಮರದ ಮೇಲೆ ಅಳಿಲಿನಂಥ ಒಂದು ಪ್ರಾಣಿ ಇದೆ, ಅದರ ಸದ್ದು ನಾವಿಬ್ಬರೂ ಜಗಳ ಆಡಿದ ಹಾಗೇ ಇದೆ. ಅಂಗಳದಲ್ಲಿ ಒಂದೆರಡು ಹಂದಿ, ನೀನು ಬರುತ್ತಿದ್ದ ಹಾಗೇ ಊಟದ ಹೊತ್ತಿಗೆ ಬರುತ್ತವೆ. ಹೀಗೇ ಹೋಗುತ್ತದೆ. ನಗು ಬಂತು. ಎರಡನೇ ಸಲ ಕೇಳಿದಾಗ ಗಂಟಲು ಕಟ್ಟಿತು. ಒಂಟಿ ಅಲ್ಲ ಅಂತ ಹೇಳಿ ಹೇಳಿಯೇ ಎಷ್ಟು ಒಂಟಿ ಅನ್ನುವುದನ್ನು ತೋರಿಸಿಬಿಟ್ಟಿದ್ದಾಳೆ, ಅಲ್ವಾ?

ಇವತ್ತಿನ ಯಾರೋ ಹುಡುಗಿ ಬೇಕೆಂದೇ ಹಳೇ ಕಾಲದ ಹಾಗೆ ರೆಕಾರ್ಡ್ ಮಾಡಿದ್ದಾಳೆ ಅಂದುಕೊಂಡಿದ್ದೆ. ನೋಡಿದರೆ 1950ರ ದಶಕದ್ದು! ಇವರ ಹೆಸರೇ ಕೇಳಿರಲಿಲ್ಲ. ಗೊತ್ತಿರುವವರು ಹೇಳಿ. ಬೇರೆ ಯಾವ ಹಾಡಿನಿಂದ ಶುರು ಮಾಡಲಿ?

ಸ್ಪೂಲ್‌ಟೇಪು:
ಸ್ವಾಗತ ಮೇಡಂ. ನನಗೆ ಇವರು ಸಿಕ್ಕಿ ಏಳೆಂಟು ವರ್ಷ ಆಯಿತು. ಇನ್ನೊಬ್ಬರು ಕೇಳಿದರು ಅಂತ ಗೊತ್ತಾದಾಗಲೆಲ್ಲ ನಮ್ಮೂರಿನವರು ಸಿಕ್ಕಷ್ಟು ಖುಷಿ ಆಗುತ್ತದೆ.

ನಿಜವಾದ ಹೆಸರು ಎಲಿಜಬೆತ್ ಈಟನ್ ಕನ್ವರ್ಸ್. ಹುಟ್ಟಿದ್ದು 1924ರ ಆಗಸ್ಟ್ 3ಕ್ಕೆ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ. ಅಪ್ಪ ಪಾದ್ರಿ, ಬಹಳ ಕಟ್ಟುನಿಟ್ಟಿನ ಮನೆ. ಓದಿನಲ್ಲಿ ಶಾಲೆಗೇ ಮೊದಲು. ಸ್ಕಾಲರ್‌ಶಿಪ್ ಸಿಕ್ಕಿ ಮೌಂಟ್ ಹೋಲಿಯೋಕ್ ಕಾಲೇಜಿಗೆ ಸೇರಿದರು, ಎರಡು ವರ್ಷಕ್ಕೆ ಬಿಟ್ಟು ನ್ಯೂಯಾರ್ಕಿಗೆ ಹೊರಟರು. ಅಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಅದೇ ಊರಿನ ಗ್ರೀನಿಚ್ ವಿಲೇಜ್ ಅನ್ನುವ ಬಡಾವಣೆಯಲ್ಲಿ ವಾಸ. ಎಲಿಜಬೆತ್ 'ಕಾನಿ' ಆದದ್ದು ಅಲ್ಲೇ. ಕೆಲಸ ಮುಗಿಸಿ ಬಂದು ಗಿಟಾರ್ ಹಿಡಿದು ತಾವೇ ಹಾಡು ಬರೆಯೋಕೆ ಶುರು ಮಾಡಿದರು. ಒಂದು ಕ್ರೆಸ್ಟ್‌ವುಡ್ ಟೇಪ್ ರೆಕಾರ್ಡರ್ ಕೊಂಡು ಮನೆಯಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು.

ಇನ್ನು ಕೇಳಿ. ಟಾಮ್ ಅಂಡ್ ಜೆರ್ರಿ ನೋಡದವರು ನಮ್ಮಲ್ಲಿ ಯಾರಿದ್ದಾರೆ? 1960ರ ದಶಕದ ಶುರುವಿನಲ್ಲಿ ಅದರ 13 ಕಾರ್ಟೂನುಗಳನ್ನು ಯುರೋಪಿನ ಪ್ರಾಗ್ ನಗರದಲ್ಲಿ ಕೂತು ಮಾಡಿದವರು ಜೀನ್ ಡೈಚ್. ಅದಕ್ಕೂ ಮುಂಚೆ ಅವರು ನ್ಯೂಯಾರ್ಕ್ ಪಕ್ಕದ ಹೇಸ್ಟಿಂಗ್ಸ್ ಆನ್ ಹಡ್ಸನ್ ಊರಿನಲ್ಲಿದ್ದರು. ಒಳ್ಳೇ ಹಾಡುಗಾರರನ್ನು ಮನೆಗೆ ಕರೆದು ಟೇಪ್ ಮಾಡಿಕೊಳ್ಳುವುದು ಅವರ ಹುಚ್ಚು. 1954ರಲ್ಲಿ ಒಬ್ಬ ಗೆಳೆಯರು ಕಾನಿಯನ್ನು ಅವರ ಮನೆಗೆ ಕರೆದುಕೊಂಡು ಬಂದರು. ನೀವು ಕೇಳಿದ್ದು ಹೀಗೆ ಮನೆಯೊಳಗೆ, ನಾಲ್ಕು ಜನರ ಮುಂದೆ ಆದ ರೆಕಾರ್ಡಿಂಗು. ಸ್ಟುಡಿಯೋ ಅಲ್ಲ, ಕಂಪನಿ ಅಲ್ಲ.

ಅದೇ ವರ್ಷ ಒಂದು ಸಲ ಟೀವಿಗೂ ಬಂದರು. ಸಿಬಿಎಸ್ ಚಾನೆಲ್ಲಿನ ಬೆಳಗಿನ ಕಾರ್ಯಕ್ರಮ, ನಡೆಸುತ್ತಿದ್ದವರು ವಾಲ್ಟರ್ ಕ್ರಾಂಕೈಟ್. ಆಮೇಲೆ ಏನೂ ಆಗಲಿಲ್ಲ. ಒಂದೇ ಒಂದು ಡಿಸ್ಕ್ ಹೊರಬರಲಿಲ್ಲ.

ಮುಂದಿನ ಹಾಡು 'ಒನ್ ಬೈ ಒನ್'. ದೀಪ ಆರಿಸಿ ಕೇಳಿ.

ಕಾಳಿತೀರ:
ಇವರೇ ಅಲ್ವಾ ಕಾರು ಹತ್ತಿ ಹೋದವರು ಮತ್ತೆ ಬರಲೇ ಇಲ್ಲ ಅನ್ನುವುದು? ನಾನು ಹಾಡಿಗಿಂತ ಮುಂಚೆ ಆ ಕಥೆ ಓದಿದ್ದೆ. 1974ರ ಆಗಸ್ಟ್, 50 ತುಂಬಿ ಕೆಲವೇ ದಿನ. ಮನೆಯವರಿಗೆ, ಗೆಳೆಯರಿಗೆ ಪತ್ರ ಬರೆದಿಟ್ಟು, ಸಾಮಾನು ಕಾರಿಗೆ ತುಂಬಿಕೊಂಡು ಹೊರಟರು. ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಅವರೂ ಸಿಗಲಿಲ್ಲ, ಕಾರೂ ಸಿಗಲಿಲ್ಲ. ಬದುಕಿದ್ದರೆ ಈಗ ನೂರು ದಾಟಿರುತ್ತಿತ್ತು. ಎಲ್ಲಿಗೆ ಹೋಗಿರಬಹುದು ಅಂತ ರಾತ್ರಿಯೆಲ್ಲ ಯೋಚನೆ ಮಾಡಿದ್ದೇನೆ. ನಿಮಗೆಲ್ಲ ಏನನ್ನಿಸುತ್ತದೆ?

ಹೊಂಗೆನೆರಳು:
ಅಯ್ಯೋ, ಇದು ನನಗೆ ಗೊತ್ತಿರಲಿಲ್ಲ. ಓದಿ ಎದೆ ಧಸಕ್ ಅಂತು.

ಸ್ಪೂಲ್‌ಟೇಪು ಸರ್, 'ಒನ್ ಬೈ ಒನ್' ಕೇಳಿದೆ. ಕತ್ತಲಲ್ಲಿ ನಡೆಯುತ್ತೇವೆ, ಆದರೆ ಪ್ರೇಮಿಗಳ ಹಾಗೆ ಜೋಡಿಯಾಗಿ ಅಲ್ಲ, ಒಬ್ಬೊಬ್ಬರಾಗಿ. ನಿನ್ನ ಕೈ ನನ್ನ ಕೈಯಲ್ಲಿದ್ದರೆ ಬೆಳಗಿನ ಸೂರ್ಯನ ಹಾಗೆ ಬೆಳಗುತ್ತಿದ್ದೆ ಅನ್ನುತ್ತಾರೆ. ಈ ಮನುಷ್ಯೆಯೇ ಮುಂದೆ ಹಾಗೆ ಒಬ್ಬರೇ ಹೊರಟುಹೋದರಾ?

ಸ್ಪೂಲ್‌ಟೇಪು:
ಕಾಳಿತೀರ ಅವರೇ, ನೀವು ಹೇಳಿದ್ದು ನಿಜವೇ. ಆದರೂ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇವರ ಬಗ್ಗೆ ಎಲ್ಲಿ ಮಾತು ಬಂದರೂ 'ಕಾಣೆಯಾದ ಗಾಯಕಿ' ಅಂತಲೇ ಶುರು ಆಗುತ್ತದೆ. 1974 ಮೊದಲು, 1954 ಆಮೇಲೆ. ಹಾಗೆ ಓದಿಕೊಂಡು ಹೋದವರಿಗೆ ಪ್ರತಿ ಹಾಡೂ ಪತ್ತೇದಾರಿ ಕಥೆಯ ಸುಳಿವಿನ ಹಾಗೆ ಕೇಳುತ್ತದೆ. 'ಒನ್ ಬೈ ಒನ್' ಬರೆದಾಗ ಅವರಿಗೆ ಮೂವತ್ತರ ಆಸುಪಾಸು. ಊರಿನಲ್ಲಿ ಕೆಲಸ ಇತ್ತು, ಗೆಳೆಯರಿದ್ದರು, ಮುಂದೆ ಹೆಸರು ಮಾಡುತ್ತೇನೆ ಅನ್ನುವ ಆಸೆ ಇತ್ತು. ಇಪ್ಪತ್ತು ವರ್ಷ ಆದ ಮೇಲೆ ಏನಾಯಿತು ಅನ್ನುವುದು ಆ ಹಾಡಿನೊಳಗೆ ಇಲ್ಲ.

ತಮ್ಮನ್ನು ತಮ್ಮ ಪಾಡಿಗೆ ಬಿಟ್ಟುಬಿಡಿ ಅಂತ ಆ ಪತ್ರಗಳಲ್ಲಿ ಅವರೇ ಕೇಳಿಕೊಂಡಿದ್ದರು. ಎಲ್ಲಿಗೆ ಹೋದರು ಅನ್ನುವುದನ್ನು ಹುಡುಕುವ ಮನಸ್ಸು ನನಗಿಲ್ಲ. ಹಾಡು ಕೇಳುವ ಮನಸ್ಸಿದೆ.

ಕಾಳಿತೀರ:
ಬೇಜಾರೇನೂ ಇಲ್ಲ ಸರ್. ನಿಜ ಹೇಳಬೇಕೆಂದರೆ ನಾನು ಒಂದು ಹಾಡೂ ಪೂರ್ತಿ ಕೇಳಿರಲಿಲ್ಲ. ಇವತ್ತು ಕೇಳುತ್ತೇನೆ.

ಆರುತಂತಿ:
ನಾನು ಗಿಟಾರ್ ಕಲಿಸುವವನು. ಇವರ ಹಾಡು ನುಡಿಸೋಕೆ ಹೋದರೆ ಇವರು ಎಂಥವರು ಅಂತ ಗೊತ್ತಾಗುತ್ತದೆ.

ಕೇಳೋಕೆ ಬಹಳ ಸುಲಭ ಅನ್ನಿಸುತ್ತದೆ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದಾದ ಮೇಲೊಂದು ಹೆಜ್ಜೆ ಹಾಕುತ್ತಿರುತ್ತದೆ, ಉಳಿದ ಬೆರಳು ಮೇಲಿನ ತಂತಿಗಳನ್ನು ಮೀಟುತ್ತವೆ. ಮೂರು ಕಾರ್ಡಿನಲ್ಲಿ, ಅಂದರೆ ಮೂರೇ ಸ್ವರಗುಚ್ಛದಲ್ಲಿ ಮುಗಿಯುವ ಹಾಡು ಅಂದುಕೊಂಡು ಕೂತೆ. ಎರಡನೇ ಸಾಲಿಗೇ ಕೈ ತಪ್ಪಿತು. ಇಲ್ಲಿಗೇ ಹೋಗುತ್ತದೆ ಅಂತ ಬೆರಳು ಇಟ್ಟಿದ್ದರೆ ಅವರು ಪಕ್ಕದ ಮನೆಗೆ ಹೋಗಿರುತ್ತಾರೆ. ಮತ್ತೆ ಯಾವ ಬಾಗಿಲಿನಿಂದ ವಾಪಸ್ ಬಂದರು ಅಂತಲೂ ಗೊತ್ತಾಗುವುದಿಲ್ಲ. ದನಿ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ನೆಟ್ಟಗೆ ನಡೆದಿರುತ್ತದೆ. 'ಒನ್ ಬೈ ಒನ್' ಒಂದನ್ನು ಕೂರಿಸಿಕೊಳ್ಳೋಕೆ ನನಗೆ ಎರಡು ವಾರ ಬೇಕಾಯಿತು.

ಇನ್ನೊಂದು ವಿಷಯ. ಆಗ ಅಮೆರಿಕದಲ್ಲಿ ಜಾನಪದ ಹಾಡುಗಾರರು ಅಂದರೆ ಹಳೇ ಹಾಡುಗಳನ್ನು ಹಾಡುವವರು. 1950ರಲ್ಲಿ ದಿ ವೀವರ್ಸ್ ತಂಡ ದೇಶವೆಲ್ಲ ಗುನುಗುವ ಹಾಗೆ ಮಾಡಿದ್ದು ಕೂಡ ಹಾಗೆ ಬಾಯಿಂದ ಬಾಯಿಗೆ ಬಂದ ಹಾಡನ್ನೇ. ಸಿನಿಮಾ, ನಾಟಕದ ಹಾಡು ಬೇಕಾದರೆ ಒಬ್ಬರು ಬರೆಯುತ್ತಿದ್ದರು, ಇನ್ನೊಬ್ಬರು ಹಾಡುತ್ತಿದ್ದರು. ಒಬ್ಬಳೇ ಹೆಂಗಸು, ತನ್ನದೇ ಮಾತು, ತನ್ನದೇ ರಾಗ, ತನ್ನದೇ ಗಿಟಾರ್, ಅದೂ ತನ್ನ ಒಳಗಿನ ವಿಷಯ. ಇದನ್ನು ಯಾವ ಕಪಾಟಿನಲ್ಲಿ ಇಡಬೇಕು ಅಂತ ಅಂಗಡಿಯವರಿಗೆ ಗೊತ್ತಿರಲಿಲ್ಲ. ಹತ್ತು ಹದಿನೈದು ವರ್ಷ ಆದ ಮೇಲೆ ಅದೇ ದೊಡ್ಡ ಫ್ಯಾಷನ್ ಆಯಿತು.

ಲೆಕ್ಕ ನೋಡಿ. ಆ ಫ್ಯಾಷನ್ನಿನಲ್ಲಿ ದೊಡ್ಡ ಹೆಸರು ಮಾಡಿದ ಬಾಬ್ ಡಿಲನ್ ನ್ಯೂಯಾರ್ಕಿಗೆ ಬಂದಿಳಿದದ್ದು 1961ರ ಜನವರಿಯಲ್ಲಿ. ಕಾನಿ ಆ ಊರು ಬಿಟ್ಟಿದ್ದೂ ಅದೇ ಹೊತ್ತಿಗೆ. ನನಗೆ ಇದನ್ನು ನೆನೆದರೆ ಸಂಕಟ ಆಗುತ್ತದೆ.

ಜೋಳದರೊಟ್ಟಿ:
ಎಲ್ಲರೂ ಹೊಗಳುತ್ತಿದ್ದೀರಿ, ನನ್ನ ಅನಿಸಿಕೆಯನ್ನೂ ಹೇಳುತ್ತೇನೆ. ನಾಲ್ಕು ಹಾಡು ಕೇಳಿದೆ. ನನಗೆ ಹಿಡಿಸಲಿಲ್ಲ. ದನಿ ಒಂದೇ ಸಮ ಹೋಗುತ್ತದೆ, ರೆಕಾರ್ಡಿಂಗ್ ಮಂಕು. ಇಂಗ್ಲಿಷ್ ಮಾತು ಕೂಡ ಹಳೇದು, ಅರ್ಧ ಹಿಡಿಯೋಕಾಗಲಿಲ್ಲ. ನಾನು ಬೆಳೆದದ್ದು ಭಜನೆ, ರಿವಾಯತ್ ಪದ ಕೇಳಿಕೊಂಡು. ಎದೆ ಬಿಚ್ಚಿ ಹಾಡಬೇಕು ನನಗೆ. ಇದರಲ್ಲಿ ನೀವು ಏನು ಕೇಳುತ್ತಿದ್ದೀರಿ ಅನ್ನುವುದನ್ನು ಯಾರಾದರೂ ಬಿಡಿಸಿ ಹೇಳಿ.

ಹೊಂಗೆನೆರಳು:
ಜೋಳದರೊಟ್ಟಿ ಅವರೇ, 'ರೋವಿಂಗ್ ವುಮನ್' ಅಂತ ಒಂದಿದೆ, ಅದನ್ನು ಸಾಹಿತ್ಯ ಎದುರಿಗೆ ಇಟ್ಟುಕೊಂಡು ಕೇಳಿ ನೋಡಿ. ತಿರುಗಾಡುವ ಹೆಂಗಸು ಒಳ್ಳೆಯವಳಲ್ಲ ಅಂತ ಊರು ಹೇಳುತ್ತದೆ. ಸರಿ, ಹೆಂಡದಂಗಡಿಗೆ ಹೋಗುತ್ತಾಳೆ, ಇಸ್ಪೀಟ್ ಆಡೋಕೆ ಕೂರುತ್ತಾಳೆ. ಪ್ರತಿ ಸಲವೂ ಯಾರೋ ಒಬ್ಬ ಗಂಡಸು ಅವಳನ್ನು ಉದ್ಧಾರ ಮಾಡೋಕೆ ಮನೆಗೆ ಕರೆದುಕೊಂಡು ಹೋಗುತ್ತಾನೆ. ಹಾಡುವ ದನಿ ಮಾತ್ರ ಬಹಳ ಸಭ್ಯ. ಪಾದ್ರಿಯ ಮನೆಯ ಹುಡುಗಿ, 1950ರ ದಶಕ, ಇದನ್ನು ಮುಖದ ಮೇಲೆ ಒಂದು ಗೆರೆ ಅಲುಗದ ಹಾಗೆ ಹಾಡುತ್ತಾಳೆ. ದನಿ ಏರಿಸಿದ್ದರೆ ಆ ಹಾಡು ಕೆಟ್ಟುಹೋಗುತ್ತಿತ್ತು. ನಮ್ಮಜ್ಜಿ ಹೀಗೇ, ಕಣ್ಣು ತಗ್ಗಿಸಿ ತರಕಾರಿ ಹೆಚ್ಚುತ್ತಾ ಒಂದು ಮಾತು ಹೇಳುತ್ತಿದ್ದರು. ಅಡುಗೆಮನೆ ದಾಟಿದ ಮೇಲೆ ಅದು ಎಲ್ಲಿಗೆ ತಾಗಿತು ಅಂತ ಗೊತ್ತಾಗುತ್ತಿತ್ತು.

ಜೋಳದರೊಟ್ಟಿ:
ಸಾಹಿತ್ಯ ಇಟ್ಟುಕೊಂಡು ಕೇಳಿದೆ. ಈ ಒಂದು ಹಾಡು ಚಲೋ ಅನ್ನಿಸಿತು. ಉಳಿದವು ಇನ್ನೂ ಹತ್ತಿಲ್ಲ. ನೋಡೋಣ.

ಮಿಶಿಗನ್ನಿಂದ:
ನಾನಿರುವುದು ಆನ್ ಆರ್ಬರ್‌ನಿಂದ ಸುಮಾರು ಮುಕ್ಕಾಲು ಗಂಟೆ ದೂರದಲ್ಲಿ. ನ್ಯೂಯಾರ್ಕ್ ಬಿಟ್ಟು ಅವರು ಬಂದದ್ದು ಇದೇ ಊರಿಗೆ. ತಮ್ಮ ಫಿಲಿಪ್ ಕನ್ವರ್ಸ್ ಇಲ್ಲಿನ ಯೂನಿವರ್ಸಿಟಿಯಲ್ಲಿದ್ದರು. ಮತದಾರರ ಬಗ್ಗೆ ಓದಿದ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಆ ಹೆಸರು ಗೊತ್ತಿರುತ್ತದೆ. ನನಗೂ ಮೊದಲು ಗೊತ್ತಿದ್ದದ್ದು ತಮ್ಮನೇ. ಅಕ್ಕ ಹಾಡು ಬರೆಯುತ್ತಿದ್ದರು ಅಂತ ಎಷ್ಟೋ ವರ್ಷದ ಮೇಲೆ ತಿಳಿಯಿತು.

ಇಲ್ಲಿ ಅವರು 'ಜರ್ನಲ್ ಆಫ್ ಕಾನ್‌ಫ್ಲಿಕ್ಟ್ ರೆಸಲ್ಯೂಷನ್' ಅನ್ನುವ ಪತ್ರಿಕೆಯ ಮ್ಯಾನೇಜಿಂಗ್ ಎಡಿಟರ್ ಆದರು. ದೇಶ ದೇಶಗಳ ನಡುವೆ ಯುದ್ಧ ಯಾಕಾಗುತ್ತದೆ, ಹೇಗೆ ತಪ್ಪಿಸಬಹುದು ಅಂತ ಚರ್ಚೆ ಮಾಡುವ ಪತ್ರಿಕೆ. ಡಿಗ್ರಿಯನ್ನೂ ಮುಗಿಸದವರು ಪ್ರೊಫೆಸರ್‌ಗಳ ಬರಹ ತಿದ್ದುತ್ತಿದ್ದರು. 1968ರಲ್ಲಿ ಆ ಪತ್ರಿಕೆಯ ಹತ್ತು ವರ್ಷದ ಬರಹಗಳನ್ನೆಲ್ಲ ಓದಿ, ಅವುಗಳ ಬಗ್ಗೆ ತಾವೇ ಒಂದು ದೊಡ್ಡ ಲೇಖನ ಬರೆದರು. 1972ರಲ್ಲಿ ಪತ್ರಿಕೆ ಯೇಲ್ ಯೂನಿವರ್ಸಿಟಿಗೆ ಹೋಯಿತು, ಇವರು ಇಲ್ಲೇ ಉಳಿದರು. ಅದು ಅವರಿಗೆ ದೊಡ್ಡ ಪೆಟ್ಟು.

ಇದನ್ನು ಯಾಕೆ ಹೇಳಿದೆ ಅಂದರೆ, ಹಾಡು ಬಿಟ್ಟ ಮೇಲೆ ಅವರ ಬದುಕು ಖಾಲಿ ಆಯಿತು ಅಂತ ಬರೆಯುವವರು ಇದ್ದಾರೆ. ಖಾಲಿ ಇರಲಿಲ್ಲ. ಅವರ ಬುದ್ಧಿ ಇನ್ನೊಂದು ಕೆಲಸಕ್ಕೆ ತಿರುಗಿತ್ತು.

ಚಳಿಗಾಲ ಕಳೆದ ಮೇಲೆ ಒಂದು ದಿನ ಹ್ಯೂರಾನ್ ನದಿಯ ದಡದಲ್ಲಿ ಕೂತು ಅವರ ಆಲ್ಬಂ ಪೂರ್ತಿ ಕೇಳಿದೆ. 17 ಹಾಡು. ಇಷ್ಟು ಹಾಡು ಬರೆದವರು ಅಲ್ಲೇ ಎಲ್ಲೋ ಆಫೀಸಿಗೆ ನಡೆದು ಹೋಗುತ್ತಿದ್ದಾಗ ಪಕ್ಕದಲ್ಲಿ ಹೋಗುವವರಿಗೆ ಗೊತ್ತೇ ಇರಲಿಲ್ಲವಲ್ಲ ಅನ್ನಿಸಿತು.

ಕಾಳಿತೀರ:
ಪೂರ್ತಿ ಕೇಳಿದೆ. ಎರಡು ಸಲ. ಮೊದಲು ಕೇಳಿದ್ದ ಪ್ರಶ್ನೆಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಈಗ ಬೇರೆ ಪ್ರಶ್ನೆ. ಡಿಸ್ಕೇ ಬರಲಿಲ್ಲ ಅಂದಮೇಲೆ ಈ ಹಾಡು ನಮ್ಮ ಕಿವಿಗೆ ಬಂದದ್ದು ಹೇಗೆ?

ಸ್ಪೂಲ್‌ಟೇಪು:
ಎರಡು ದಾರಿಯಿಂದ.

ಒಂದು, ಜೀನ್ ಡೈಚ್ ಆ ಟೇಪುಗಳನ್ನು ಎಸೆಯಲಿಲ್ಲ. ಅಮೆರಿಕ ಬಿಟ್ಟು ಪ್ರಾಗ್‌ಗೆ ಹೋದರು, ಸಂಸಾರ ಬದಲಾಯಿತು, ಅಲ್ಲಿನ ಸರ್ಕಾರಗಳೇ ಬದಲಾದವು. 2004ರ ಜನವರಿಯಲ್ಲಿ ಅವರಿಗೆ ಹತ್ತಿರ ಹತ್ತಿರ 80 ವರ್ಷ. ನ್ಯೂಯಾರ್ಕಿನ ಡಬ್ಲ್ಯೂಎನ್‌ವೈಸಿ ರೇಡಿಯೋದಲ್ಲಿ ಡೇವಿಡ್ ಗಾರ್ಲಂಡ್ ಅವರ ಕಾರ್ಯಕ್ರಮಕ್ಕೆ ತಾವು ಟೇಪ್ ಮಾಡಿದ್ದ ಹಾಡುಗಳನ್ನು ತಂದರು. ಅದರಲ್ಲಿ ಕಾನಿಯ 'ಒನ್ ಬೈ ಒನ್' ಕೂಡ ಇತ್ತು. 50 ವರ್ಷದ ಹಿಂದೆ ಮನೆಯಲ್ಲಿ ಹಾಡಿದ್ದು ಗಾಳಿಗೆ ಬಂತು. ಡ್ಯಾನ್ ಜೂಲಾ ಅನ್ನುವ ವಿದ್ಯಾರ್ಥಿ ಅದನ್ನು ಕೇಳಿಸಿಕೊಂಡರು. ಮರೆಯೋಕಾಗಲಿಲ್ಲ. ಕೆಲವು ವರ್ಷ ಆದ ಮೇಲೆ ಡೇವಿಡ್ ಹರ್ಮನ್ ಅನ್ನುವ ಗೆಳೆಯನ ಜೊತೆ ಸೇರಿ ಡೈಚ್ ಅವರನ್ನೂ ಫಿಲಿಪ್ ಅವರನ್ನೂ ಹುಡುಕಿಕೊಂಡು ಹೋದರು.

ಎರಡನೇ ದಾರಿ ಫಿಲಿಪ್. ಅಕ್ಕ ಊರು ಬಿಡುವಾಗ ತಮ್ಮನ ಮನೆಯಲ್ಲಿ ಒಂದು ಕಬ್ಬಿಣದ ಫೈಲ್ ಕಪಾಟು ಬಿಟ್ಟು ಹೋಗಿದ್ದರು. ಅದರೊಳಗೆ ಹಾಡು, ಪತ್ರ, ಬರಹ, ಎಲ್ಲ ಜೋಡಿಸಿಟ್ಟಿತ್ತು. ತಮ್ಮನಿಗಾಗಿ 1956ರಲ್ಲಿ ಮನೆಯಲ್ಲೇ ರೆಕಾರ್ಡ್ ಮಾಡಿ ಕೊಟ್ಟ ಹಾಡುಗಳೂ ಅವರ ಹತ್ತಿರ ಇದ್ದವು. ಈ ಎರಡೂ ಕಡೆಯ ಟೇಪು ಸೇರಿ 2009ರಲ್ಲಿ 'ಹೌ ಸ್ಯಾಡ್, ಹೌ ಲವ್ಲಿ' ಆಲ್ಬಂ ಬಂತು. ಆಗ ಫಿಲಿಪ್ ಇನ್ನೂ ಇದ್ದರು. ಅಕ್ಕನ ಹಾಡು ಜನ ಕೇಳುವುದನ್ನು ನೋಡಿಯೇ ಹೋದರು ಅನ್ನುವುದು ನನಗೊಂದು ಸಮಾಧಾನ.

ಹಾವರ್ಡ್ ಫಿಶ್‌ಮನ್ ಅನ್ನುವ ಸಂಗೀತಗಾರರು ವರ್ಷಗಟ್ಟಲೆ ಬೆನ್ನು ಹತ್ತಿ 2023ರಲ್ಲಿ ದೊಡ್ಡ ಜೀವನಚರಿತ್ರೆಯನ್ನೇ ತಂದಿದ್ದಾರೆ. ಪಿಯಾನೋಗೆ ಅಂತ ಕಾನಿ ಬರೆದ ಹಾಡುಗಳೂ ಈಗ ಬೇರೆ ಗಾಯಕರ ದನಿಯಲ್ಲಿ ಸಿಗುತ್ತವೆ.

ಬೀಸುಕಲ್ಲು:
ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಮೇಲಿನದು ಓದಿ ಎದ್ದು ಹೋಗಿ ಅಟ್ಟದ ಮೇಲಿನ ಟ್ರಂಕು ಇಳಿಸಿದೆ.

ನಮ್ಮಜ್ಜಿ ಸೋಬಾನೆ ಹೇಳುತ್ತಿದ್ದರು. ನಾಗಮಂಗಲದ ಕಡೆ. ಬರೀ ಹಳೇ ಪದ ಅಲ್ಲ, ತಾವೇ ಕಟ್ಟುತ್ತಿದ್ದರು. ಮದುಮಗಳ ಹೆಸರು, ಅವಳ ಸೋದರಮಾವನ ಹೆಸರು, ಗಂಡಿನ ಕಡೆಯವರು ತಂದ ಸೀರೆಯ ಬಣ್ಣ, ಎಲ್ಲ ಅಲ್ಲೇ ಪದಕ್ಕೆ ಬರುತ್ತಿತ್ತು. ಮಾರನೇ ದಿನ ಕೇಳಿದರೆ "ಅದು ಆ ಮದ್ವೆಗೆ ಹೇಳಿದ್ದು, ಈಗ್ಯಾಕೆ" ಅನ್ನುತ್ತಿದ್ದರು. 1991ರಲ್ಲಿ ಚಿಕ್ಕಪ್ಪ ಟೇಪ್ ರೆಕಾರ್ಡರ್ ತಂದಾಗ ಒಂದು ಕ್ಯಾಸೆಟ್ ತುಂಬಿಸಿದ್ದರು. ಎ ಸೈಡಿನ ಮೇಲೆ ಆಮೇಲೆ ಯಾರೋ ಸಿನಿಮಾ ಹಾಡು ತುಂಬಿಸಿಬಿಟ್ಟರು. ನಮ್ಮನೆಯಲ್ಲೇ ಆದದ್ದು, ಯಾರನ್ನು ಬೈಯಲಿ? ಬಿ ಸೈಡ್ ಇದೆ ಅಂತ ಅಪ್ಪ ಹೇಳುತ್ತಿದ್ದರು.

ಕ್ಯಾಸೆಟ್ ಸಿಕ್ಕಿದೆ. ಟೇಪಿನ ಅಂಚಿನಲ್ಲಿ ಬಿಳೀ ಪುಡಿಯ ಹಾಗೆ ಏನೋ ಕೂತಿದೆ. ಹಾಕಿ ನೋಡೋಕೆ ಭಯ. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.

ಸ್ಪೂಲ್‌ಟೇಪು:
ದಯವಿಟ್ಟು ಹಾಕಬೇಡಿ! ಅದು ಬೂಸ್ಟು. ಹಾಗೇ ಓಡಿಸಿದರೆ ಪ್ಲೇಯರ್‌ಗೂ ಹತ್ತುತ್ತದೆ, ಟೇಪೂ ಹರಿಯಬಹುದು.

ಮೊದಲ ಕೆಲಸ, ಕ್ಯಾಸೆಟ್ಟಿನ ಹಿಂದಿನ ಅಂಚಿನಲ್ಲಿ ಎರಡು ತುದಿಗೆ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತವೆ. ಎರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಮುರಿದುಹಾಕಿ. ಆಮೇಲೆ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅದು ಕೆಳಗೆ ಹೋಗುವುದಿಲ್ಲ. ಕ್ಯಾಸೆಟ್ಟಿಗೆ ಸ್ಕ್ರೂ ಇದ್ದರೆ ನಿಧಾನಕ್ಕೆ ಬಿಚ್ಚಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಒಣ ಬ್ರಷ್‌ನಲ್ಲಿ ಸುರುಳಿಯ ಅಂಚನ್ನು ಒರೆಸಿ. ನೀರು ತಾಗಿಸಬೇಡಿ. ಟೇಪಿನ ಹಿಂದೆ ಬೆರಳುಗುರಿನಷ್ಟು ಒಂದು ಮೆತ್ತೆ ಇರುತ್ತದೆ ನೋಡಿ, ಅದು ಉದುರಿದ್ದರೆ ಸದ್ದು ಮಂಕಾಗಿ ಬರುತ್ತದೆ. ಬೇಡದ ಇನ್ನೊಂದು ಕ್ಯಾಸೆಟ್ಟಿನಿಂದ ತೆಗೆದು ಹಾಕಬಹುದು. ಆಮೇಲೆ ಪೆನ್ಸಿಲ್ ತೂರಿಸಿ ಕೈಯಲ್ಲೇ ಒಂದು ಸಲ ಪೂರ್ತಿ ಸುತ್ತಿ.

ಓಡಿಸುವ ಮೊದಲ ಸಲವೇ ಕಂಪ್ಯೂಟರಿಗೆ ರೆಕಾರ್ಡ್ ಆಗುವ ಹಾಗೆ ಇಟ್ಟುಕೊಳ್ಳಿ. ಹೆಡ್‌ಫೋನ್ ತೂತಿನಿಂದ ಕೇಬಲ್ ಎಳೆದರೆ ಸಾಕು, ಆಡಾಸಿಟಿ ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಎರಡನೇ ಸಲ ಓಡುತ್ತದೆ ಅಂತ ನಂಬಬೇಡಿ. ಸುಯ್ ಸದ್ದು ತೆಗೆಯೋಕೆ ಅವಸರ ಮಾಡಬೇಡಿ, ಅದರ ಜೊತೆ ದನಿಯೂ ಸವೆದುಹೋಗುತ್ತದೆ.

ಆರುತಂತಿ:
ಬೀಸುಕಲ್ಲು ಅವರೇ, ಬೆಂಗಳೂರಿನಲ್ಲಿದ್ದರೆ ಹೇಳಿ. ನನ್ನ ಹತ್ತಿರ ಒಳ್ಳೇ ಡೆಕ್ ಇದೆ, ಹೆಡ್ ಸ್ವಚ್ಛ ಇದೆ. ಭಾನುವಾರ ಬನ್ನಿ.

ಹೊಂಗೆನೆರಳು:
ಇಸ್ತ್ರಿ ಮಾಡುತ್ತಾ ಕೇಳಿದ ಒಂದು ಹಾಡು ಎಲ್ಲಿಗೆ ಬಂತು ನೋಡಿ. ಬೀಸುಕಲ್ಲು ಅವರೇ, ಏನಾಯಿತು ಅಂತ ತಪ್ಪದೇ ಬರೆಯಿರಿ. ಕಾಯುತ್ತಿರುತ್ತೇನೆ.

ಈ ವಾರ ನಾನು ಸೇರಿಸಿಕೊಂಡದ್ದು 'ಫಾದರ್ ನೆಪ್ಚೂನ್'. ಕಡಲಿಗೆ ಹೋದ ಗಂಡಿಗಾಗಿ ಹಾಡುವುದು. ಮಗಳು ಆಗಲೇ ಗುನುಗುತ್ತಿದ್ದಾಳೆ, ಸ್ಕೂಲ್ ವ್ಯಾನಿನಲ್ಲೂ ಹಾಡಿದಳಂತೆ.

ಬೀಸುಕಲ್ಲು:
ಆರುತಂತಿ ಸರ್ ಮನೆಯಲ್ಲಿ ಓಡಿಸಿದೆವು. ಅವರಿಗೂ ಮನೆಯವರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು, ಊಟವನ್ನೂ ಹಾಕಿ ಕಳಿಸಿದರು.

ಬಿ ಸೈಡಿನಲ್ಲಿ 19 ನಿಮಿಷ ಇದೆ. ಶುರುವಿನಲ್ಲಿ ಚಿಕ್ಕಪ್ಪ "ಹೇಳವ್ವ, ಓಡ್ತಾ ಅದೆ" ಅನ್ನುತ್ತಾರೆ. ಅಜ್ಜಿ "ಏನ್ ಹೇಳನಪ್ಪ" ಅಂತ ಕೆಮ್ಮುತ್ತಾರೆ. ಹಿಂದೆ ಪಾತ್ರೆ ಸದ್ದು. ಆಮೇಲೆ ಐದು ಪದ. ಮೂರು ನಮ್ಮ ಕಡೆ ಎಲ್ಲರೂ ಹೇಳುವಂಥವು. ಎರಡು ಅಜ್ಜಿಯೇ ಕಟ್ಟಿದ್ದು, ಯಾಕೆಂದರೆ ಒಂದರಲ್ಲಿ ನನ್ನ ದೊಡ್ಡತ್ತೆಯ ಹೆಸರು ಬರುತ್ತದೆ. ಅತ್ತೆಗೆ ಫೋನಿನಲ್ಲಿ ಕೇಳಿಸಿದೆ. ಎರಡನೇ ಸಾಲಿಗೇ ಅವರೂ ಜೊತೆಗೆ ಹೇಳೋಕೆ ಶುರು ಮಾಡಿದರು. ಟೇಪಿನಲ್ಲಿ ಇಲ್ಲದ ಒಂದು ನುಡಿಯನ್ನೂ ಹೇಳಿದರು.

ಅಳಿಸಿಹೋದ ಎ ಸೈಡಿನದು ಅವರಿಗೆ ಎಷ್ಟು ನೆನಪಿದೆ ಅಂತ ಬರುವ ಶನಿವಾರ ಹೋಗಿ ಕೂತು ಕೇಳುತ್ತೇನೆ. ಮೊಬೈಲಿನಲ್ಲೇ ರೆಕಾರ್ಡ್ ಮಾಡಿದರೆ ಸಾಕಾ, ಬೇರೆ ಮೈಕ್ ತೆಗೆದುಕೊಂಡು ಹೋಗಲಾ? ಅತ್ತೆ ಮನೆ ರಸ್ತೆ ಪಕ್ಕದಲ್ಲೇ ಇದೆ, ಬಸ್ಸಿನ ಸದ್ದು ಜಾಸ್ತಿ.

ಸ್ಪೂಲ್‌ಟೇಪು:
ಮೊಬೈಲೇ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲಿನ ಮೇಲೆ ಅವರ ಎದುರಿಗೆ ಒಂದು ಮೊಳ ದೂರದಲ್ಲಿ ಇಡಿ. ಹಿಂದಿನ ಕೋಣೆಯಲ್ಲಿ ಕೂರಿಸಿ, ಫ್ಯಾನ್ ಆರಿಸಿ. ಬಸ್ಸು ಬಂದರೆ ಬರಲಿ, ನಿಲ್ಲಿಸಬೇಡಿ.